ಹನ್ನೊಂದನೇ ಕಲಂ

ಗೌತಮನ ಫೋಟೋಗೆ ಹಾರ ಹಾಕುವ ಮೊದಲು ಮಧ್ವೇಶ್ ಕ್ಯಾಮೆರಾದವರ ಕಡೆ ಒಮ್ಮೆ ತಿರುಗಿ ನೋಡಿದರು. ಸ್ಪಂದನ ಅದನ್ನು ಗಮನಿಸಿದಳು. ಗಂಡ ಸತ್ತ ಮೇಲೆ ಅವಳಿಗೆ ಅಳು ಬರುತ್ತಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಬೀಳುತ್ತಿತ್ತು.

ಕೊಲ್ಲಿ ದೇಶವೊಂದರಲ್ಲಿ ಕಟ್ಟಡದ ಕೆಲಸದ ಮೇಲ್ವಿಚಾರಕನಾಗಿದ್ದ ಗೌತಮ್ ಏಳನೇ ಮಹಡಿಯಿಂದ ಬಿದ್ದು ಸತ್ತಿದ್ದ. ಹೆಣ ಮಲ್ಲತ್ತಹಳ್ಳಿಗೆ ಬರಲು ಇಪ್ಪತ್ಮೂರು ದಿನ ಹಿಡಿಯಿತು. ಮಣ್ಣು ಮಾಡಿ ಇದು ಆರನೇ ದಿನ.

ಮಧ್ವೇಶ್ ಐದು ವರ್ಷ ವಿದೇಶಾಂಗ ಸಚಿವರಾಗಿದ್ದವರು. ಈಗ ವಿರೋಧ ಪಕ್ಷದ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಯಾವ ದೇಶದಲ್ಲಿ ಎಷ್ಟು ಬಾಗಬೇಕು, ಯಾರ ಕೈಯನ್ನು ಎಷ್ಟು ಹೊತ್ತು ಹಿಡಿಯಬೇಕು, ಎಲ್ಲವೂ ಅವರಿಗೆ ಬಾಯಿಪಾಠ ಎಂದು ಪತ್ರಿಕೆಗಳು ಹೊಗಳುತ್ತಿದ್ದವು. ಸ್ಪಂದನಳ ಮಾವ ಮುನಿವೆಂಕಟಪ್ಪ ಮೂವತ್ತು ವರ್ಷ ಅವರಿಗಾಗಿ ಬೂತಿನಲ್ಲಿ ಕೂತ ಮನುಷ್ಯ.

"ಸೋತ್ಮೇಲೆ ನಮ್ಮನೆ ದಾರಿ ಗೊತ್ತಾಯ್ತು ನೋಡು," ಎಂದು ಬಾಗಿಲ ಬಳಿ ಯಾರೋ ನೆಂಟರು ಗೊಣಗಿದರು.

ಮುನಿವೆಂಕಟಪ್ಪ ಕೇಳಿಸದವನಂತೆ ಕುರ್ಚಿ ಒರೆಸಿದ.

ಕ್ಯಾಮೆರಾದವರನ್ನು ಆಚೆ ಕಳಿಸಿ ಮಧ್ವೇಶ್ ಕೂತು, ಸ್ಪಂದನಳ ಕಡೆ ತಿರುಗಿದರು. "ನಾಳೆ ಧರಣಿ ಇಟ್ಕೊಂಡಿದೀವಮ್ಮ. ಒಂದು ದೇಹ ತರೋಕೆ ಈ ಸರ್ಕಾರಕ್ಕೆ ಇಪ್ಪತ್ಮೂರು ದಿನ ಬೇಕಾಯ್ತಲ್ಲ, ಕೇಳೋರು ಬೇಡ್ವಾ? ನೀವು ಬರ್ಬೇಕು. ಮಾತಾಡೋದೇನೂ ಬೇಡ. ಸ್ಟೇಜ್ ಮೇಲೆ ಫೋಟೋ ಹಿಡ್ಕೊಂಡು ಕೂತ್ರೆ ಸಾಕು."

"ಬರ್ತಾಳೆ ಸಾರ್," ಎಂದ ಮಾವ.

ಸ್ಪಂದನ ಒಳಗೆ ಹೋಗಿ ಒಂದು ಫೈಲು ತಂದಳು. ಜ್ಞಾನಭಾರತಿಯಲ್ಲಿ ಎಂ.ಎ. ಓದಿದವಳು, ಆ ಇಪ್ಪತ್ಮೂರು ದಿನ ಅರ್ಜಿಗಳನ್ನೆಲ್ಲ ಬರೆದವಳು ಅವಳೇ. ಹೆಣ ಯಾಕೆ ಬಿಡುತ್ತಿಲ್ಲ ಎಂದು ಹತ್ತು ಸಲ ಕೇಳಿದ ಮೇಲೆ ರಾಯಭಾರ ಕಚೇರಿಯ ಗುಮಾಸ್ತನೊಬ್ಬ ಕಳಿಸಿದ್ದ, ಕೆಲಸಗಾರರ ಬಗ್ಗೆ ಎರಡು ದೇಶಗಳು ಮಾಡಿಕೊಂಡಿದ್ದ ಒಪ್ಪಂದದ ಪ್ರತಿ ಅದರಲ್ಲಿತ್ತು.

"ಹನ್ನೊಂದನೇ ಕಲಂ ಸಾರ್. ಕಂಪನಿ ಸೈನ್ ಹಾಕೋವರ್ಗೂ ಸತ್ತೋರನ್ನ ಕಳ್ಸೋ ಹಾಗಿಲ್ಲ ಅಂತಿದೆ. ಕಂಪನಿಯೋನು ಇಪ್ಪತ್ತು ದಿನ ಸೈನ್ ಹಾಕ್ಲಿಲ್ಲ." ಕೊನೆಯ ಪುಟ ತಿರುವಿದಳು. "ಇಲ್ಲಿರೋದು ನಿಮ್ ಸೈನ್ ಅಲ್ವಾ?"

ಮಧ್ವೇಶ್ ಕನ್ನಡಕ ಹಾಕಿಕೊಂಡರು. ಓದಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಓದಿದರು.

"ಆಗಿನ ಪರಿಸ್ಥಿತಿ ಬೇರೆ ಇತ್ತಮ್ಮ. ಲಕ್ಷಾಂತರ ಜನರ ಕೆಲಸದ ಪ್ರಶ್ನೆ. ಇಂಥಾದ್ರಲ್ಲಿ ಕೊಟ್ಟು ತಗೊಳ್ಳೋದು ಇರುತ್ತೆ."

"ಇದು ಕೊಟ್ಟಿದ್ದೋ, ತಗೊಂಡಿದ್ದೋ?"

ಮಧ್ವೇಶ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ನಾಳೆ ಬರ್ತೀನಿ. ಮೊದ್ಲು ನೀವು ಮೈಕಲ್ಲಿ ಇದನ್ನ ಹೇಳಿ. ಆಮೇಲೆ ಫೋಟೋ ಹಿಡ್ಕೊಂಡು ಕೂರ್ತೀನಿ."

"ನಿಮಗೆ ರಾಜಕೀಯ ಅರ್ಥ ಆಗಲ್ಲ." ಮಧ್ವೇಶ್ ಫೈಲು ಮುಚ್ಚಿ ಮುನಿವೆಂಕಟಪ್ಪನ ಕೈಗೆ ಕೊಟ್ಟರು, ಅದು ಮನೆಯ ಗಂಡಸಿಗೆ ಸೇರಿದ್ದು ಎಂಬಂತೆ. "ಮುನಿವೆಂಕಟಪ್ಪಾ, ಸೊಸೇಗೆ ಸ್ವಲ್ಪ ತಿಳ್ಸಿ ಹೇಳು. ಅವಳು ಬರದಿದ್ರೂ ಪರ್ವಾಗಿಲ್ಲ, ಫೋಟೋ ಇದ್ರೆ ಆಯ್ತು." ಕಣ್ಸನ್ನೆ ಸಿಕ್ಕಿದ್ದೇ ಅವರ ಆಪ್ತ ಸಹಾಯಕ ಭೈರೇಶ್ ಹಾರ ತೆಗೆದಿಟ್ಟು ಫೋಟೋವನ್ನು ಕಂಕುಳಿಗೆ ಸೇರಿಸಿಕೊಂಡ.

ಮುನಿವೆಂಕಟಪ್ಪ ಫೋಟೋ ಇದ್ದ ಖಾಲಿ ಜಾಗ ನೋಡಿದ.

ಮಧ್ವೇಶ್ ಎದ್ದು, ಗೋಡೆಗೊರಗಿ ಕೂತಿದ್ದ ಅತ್ತೆ ಮುನಿತಾಯಮ್ಮನಿಗೆ ಕೈಮುಗಿದರು. ಸಾವಿರಾರು ಮನೆಗಳಲ್ಲಿ ಆಡಿ ನಾಲಿಗೆಗೆ ಅಂಟಿದ ಮಾತು ತಾನಾಗಿ ಬಂತು.

"ಮತ್ತೆ ಬರ್ತೀನಮ್ಮ."

ಸೂತಕದ ಮನೆಯಲ್ಲಿ ಯಾರೂ ಆಡಬಾರದ ಮಾತು. ಆರು ದಿನದಿಂದ ತುಟಿ ಬಿಚ್ಚದಿದ್ದ ಮುನಿತಾಯಮ್ಮ ತಲೆಯೆತ್ತಿದಳು.

"ಏನಂದೆ? ಮತ್ತೆ ಬರ್ತೀಯಾ? ಯಾರ್ ಸಾಯ್ಲಿ ಅಂತ ಬರ್ತೀಯ? ಇನ್ನೊಬ್ಬ ಮಗ ಇಲ್ಲ ಕಣಯ್ಯಾ ನನ್ನತ್ರ!"

"ಅಯ್ಯೋ, ಹಾಗಲ್ಲ ತಾಯಿ..."

"ನಡಿ ಆಚೆ!"

ಮಧ್ವೇಶ್ ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಹೊರಗೆ ಹೋದರು. ಗೇಟಿನ ಹತ್ತಿರ ಮೈಕುಗಳು ಮುಖಕ್ಕೆ ಬಂದಾಗ ಅವರ ದನಿ ಮತ್ತೆ ಸರಿಹೋಯಿತು. "ಕುಟುಂಬ ದುಃಖದಲ್ಲಿದೆ. ಆದರೆ ನಮ್ಮ ಹೋರಾಟದ ಜೊತೆಗಿದೆ. ನಾಳೆ ಗೌತಮನ ಭಾವಚಿತ್ರ ನಮ್ಮ ವೇದಿಕೆ ಮೇಲಿರುತ್ತೆ."

ಮುನಿವೆಂಕಟಪ್ಪ ಬರಿಗಾಲಲ್ಲಿ ಹೊರಗೆ ಬಂದ. ಕಾರಿನ ಬಾಗಿಲು ತೆಗೆಯುತ್ತಿದ್ದ ಭೈರೇಶನ ಕಂಕುಳಿಗೇ ಕೈ ಹಾಕಿದ.

"ಅಣ್ಣಾ, ಫ್ಲೆಕ್ಸ್‌ಗೆ ಕಣಣ್ಣಾ, ಸಂಜೆ ವಾಪಸ್ ತಂದ್ಕೊಡ್ತೀನಿ."

"ಬಿಡೋ."

ಫೋಟೋ ಎದೆಗವಚಿಕೊಂಡು ಅವನು ಮನೆಯ ಕಡೆ ತಿರುಗಿದ. ಹೆಂಡತಿಯ ಮುಖ ನೋಡಲಿಲ್ಲ. ಸೊಸೆಯತ್ತ ಫೈಲು ಚಾಚಿದ.

"ಆಚೆ ಬಾರಮ್ಮ. ಒಳಗೆ ಓದಿದ್ನ ಇವರಿಗೂ ಓದು."

"ಮುನಿವೆಂಕಟಪ್ಪಾ, ನೀನೂ ಹಿಂಗಾ?" ಎಂದರು ಮಧ್ವೇಶ್.

"ಕಾರ್ ಹತ್ತಿ ಸಾರ್."

ಸ್ಪಂದನ ಮೆಟ್ಟಿಲಿಳಿದಳು. ಮೈಕುಗಳು ಮಧ್ವೇಶರನ್ನು ಬಿಟ್ಟು ಅವಳ ಕಡೆ ವಾಲಿದವು. ಅಷ್ಟು ಕಿರಿದಾದ ಬೀದಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಹಾರ್ನ್ ಹೊಡೆಯುತ್ತ ಅದು ಹಿಮ್ಮುಖವಾಗಿ ಸರಿಯತೊಡಗಿತು. ಯಾರೂ ಬೇಗ ದಾರಿ ಬಿಡಲಿಲ್ಲ. ಹಾರ್ನಿನ ಸದ್ದಿಗೆ ಅವಳ ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ.

ಅವಳು ಮತ್ತೆ ಮೊದಲಿಂದ ಓದಿದಳು.