ಹೊರಗಿನ ಬೀಗ

ವರ್ನಾ ಶವಪೆಟ್ಟಿಗೆಯ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾಗ ಡೆಲ್ಬರ್ಟ್ ಹಿಂದಿನಿಂದ ಬಂದು ಅವಳ ಮೊಣಕೈ ಹಿಡಿದ. ಅವಳು ತಿರುಗಿಯೂ ನೋಡದೆ ಸ್ಕ್ರೂಡ್ರೈವರಿನ ಹಿಡಿಯಿಂದ ಅವನ ಬೆರಳಿನ ಗೆಣ್ಣುಗಳ ಮೇಲೆ ಒಂದು ಏಟು ಕೊಟ್ಟಳು. ಅವನು ಕೈ ಕೊಡವಿಕೊಂಡು ಹಿಂದಕ್ಕೆ ಸರಿದ.

"ಬೇಡ ವರ್ನಾ. ಮುಚ್ಚಿ ಕಳಿಸಿದ್ದಾರೆ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ."

"ಆ ಕಾರಣಾನೇ ನೋಡ್ಬೇಕು ನಾನು. ನೀನು ನೋಡ್ಬೇಡ, ಆ ಕಡೆ ತಿರುಗು."

ಸ್ಕ್ರೂಡ್ರೈವರ್ ಪೆಟ್ಟಿಗೆಯೊಳಗೆ ಮಲಗಿದ್ದ ಅವಳ ಗಂಡ ಓರಿನ್‌ನದೇ. ಡುಲುತ್ ಪಟ್ಟಣದಲ್ಲಿ ಅವನಿಗೆ ಬೀಗದ ಅಂಗಡಿಯಿತ್ತು. ಮಂಡಿನೋವಿಗೆ ಬಿಸಿಲಿನ ಸೀಮೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಅಂಗಡಿ ಮಾರಿ, ಹೆಂಡತಿಯನ್ನೂ ಹತಾರಗಳ ಪೆಟ್ಟಿಗೆಯನ್ನೂ ಕಟ್ಟಿಕೊಂಡು ಮೆಕ್ಸಿಕೋದ ಈ ಸಾನ್ ಹಸಿಂತೊಗೆ ಬಂದು ಸರೋವರದ ದಂಡೆಯಲ್ಲಿ ಮನೆ ಹಿಡಿದಿದ್ದ. ಊರಿನಲ್ಲಿ ಅರ್ಧದಷ್ಟು ಜನ ಹೀಗೆ ಉತ್ತರದಿಂದ ಬಂದ ಮುದುಕರೇ. ಅವರಿಗೊಂದು ಕ್ಲಬ್ಬು, ಕ್ಲಬ್ಬಿಗೆ ಡೆಲ್ಬರ್ಟ್ ಅಧ್ಯಕ್ಷ. ಕ್ಯಾಲ್ಗರಿಯಲ್ಲಿ ಹೆಡ್‌ಮಾಸ್ತರನಾಗಿದ್ದವನು ಇಲ್ಲಿ ಎಲ್ಲರಿಗೂ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದ.

ಕೊನೆಯ ಸ್ಕ್ರೂ ಕಳಚಿತು. ವರ್ನಾ ಮುಚ್ಚಳವನ್ನು ಒಂದು ಪಕ್ಕಕ್ಕೆ ಜರುಗಿಸಿದಳು. ಮುಖಕ್ಕೆ ಬಟ್ಟೆ ಸುತ್ತಿದ್ದರು. ಆ ಬಟ್ಟೆಯನ್ನು ಅವಳು ಮುಟ್ಟಲಿಲ್ಲ. ಎದೆಯ ಮೇಲಿಟ್ಟಿದ್ದ ಕೈಗಳನ್ನು ಎತ್ತಿ ನೋಡಿದಳು. ಹತ್ತು ಬೆರಳೂ ಮುರಿದಿದ್ದವು. ಒಟ್ಟಿಗೆ ಜಜ್ಜಿದ್ದಲ್ಲ. ಒಂದೊಂದನ್ನೇ ಹಿಡಿದು, ಒಂದೊಂದು ಕಡೆಗೆ ತಿರುಚಿ ಮುರಿದಿದ್ದರು. ಬೀಗದೊಳಗೆ ತಂತಿ ಇಳಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ ಬೆರಳುಗಳು ಅವು. ವರ್ನಾಳ ಹೊಟ್ಟೆಯೊಳಗಿಂದ ಬಂದ ಸದ್ದನ್ನು ಕೇಳಿ ಅಂಗಳದಲ್ಲಿದ್ದ ಕ್ಲಬ್ಬಿನವರೆಲ್ಲ ತಟ್ಟೆ ಕೆಳಗಿಟ್ಟರು. ಸತ್ತವರ ಬದುಕನ್ನು ಸಂಭ್ರಮಿಸಬೇಕೆಂಬುದು ಅವರ ಕಟ್ಟಳೆಯಾದ್ದರಿಂದ ಎಲ್ಲರೂ ಹೂವಿನ ಅಂಗಿ ತೊಟ್ಟು, ಮನೆಗೊಂದು ತಿಂಡಿ ಮಾಡಿಕೊಂಡು ಬಂದಿದ್ದರು.

ಡೆಲ್ಬರ್ಟ್ ಸಮಾಧಾನ ಹೇಳಿದ. ಇದೆಲ್ಲ ಯಾರನ್ನೋ ಯಾರೋ ಅಂದುಕೊಂಡು ಆದದ್ದಂತೆ. ಪಾಪ, ಓರಿನ್‌ಗೆ ಭಾಷೆಯೂ ಬರುತ್ತಿರಲಿಲ್ಲ. ನಾನು ಆ ಮನುಷ್ಯನಲ್ಲ ಎಂದು ಹೇಳಲಿಕ್ಕೂ ಗೊತ್ತಾಗಿರಲಿಕ್ಕಿಲ್ಲ. ರೊಸೆಂಡೊನೇ ಬಂದು ಹಾಗೆಂದು ಮರುಗಿದನಂತೆ, ಹೂಚಕ್ರವನ್ನೂ ಕಳಿಸುತ್ತಾನಂತೆ. ರೊಸೆಂಡೊ ಎಂದರೆ ಊರಿಗೆಲ್ಲ ನೀರಿನ ಟ್ಯಾಂಕರ್ ಬಿಡುವವನು. ನೀರಿನ ಹಿಂದೆ ಬೇರೆ ಏನೇನು ಬಿಡುತ್ತಾನೆಂಬುದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಡೆಲ್ಬರ್ಟ್ ವಾರಕ್ಕೊಮ್ಮೆ ಅವನೊಂದಿಗೆ ಇಸ್ಪೀಟಾಡುತ್ತಿದ್ದ.

ವರ್ನಾಳಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು, ಆ ಸಿಟ್ಟಿನ ಅರ್ಧ ಓರಿನ್ ಮೇಲೆಯೇ. ಯಾರು ಏನೆಂದರೂ 'ಸೀ, ಸೀ', ಹೌದು ಹೌದು ಎಂದು ತಲೆಯಾಡಿಸುತ್ತಿದ್ದವನು. ಹಾಗೆ ತಲೆಯಾಡಿಸುತ್ತಲೇ, ಏಕೆಂದು ತಿಳಿಯದೆ, ಪೆದ್ದನಾಗಿ ಸತ್ತನೇ ಈ ಮನುಷ್ಯ? ಅದೊಂದು ಗೊತ್ತಾಗದೆ ಅವನನ್ನು ಮಣ್ಣಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಇನ್ನೊಂದು ಸಂಗತಿಯೂ ಅವಳನ್ನು ಕೊರೆಯುತ್ತಿತ್ತು. ಊರಿನವರಲ್ಲಿ ಒಬ್ಬರೂ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಓರಿನ್ ಕೈಯಲ್ಲಿ ಬಾಗಿಲು ರಿಪೇರಿ ಮಾಡಿಸಿಕೊಳ್ಳದ ಮನೆ ಆ ಬೀದಿಯಲ್ಲಿಲ್ಲ. ಆದರೂ ಎಲ್ಲರೂ ರಸ್ತೆಯ ಆಚೆ ಬದಿಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಮುಂದೆ ಪಕ್ಕದ ಮನೆಯ ದೋನ್ಯಾ ಎಫಿ, ಕರಿಯ ಶಾಲು ಹೊದ್ದು. ಅವಳು ವರ್ನಾಳನ್ನು ನೋಡುತ್ತಿದ್ದ ನೋಟದಲ್ಲಿ ಕನಿಕರವಿರಲಿಲ್ಲ.

*

ಓರಿನ್ ಕಾಣೆಯಾದ ದಿನ ಮಧ್ಯಾಹ್ನ ಈ ಎಫಿಯೇ ಬಂದು ಕದ ತಟ್ಟಿದ್ದಳು. ರಸ್ತೆಯ ತಿರುವಿನತ್ತ ಕೈ ತೋರಿಸಿ, "ಲೊ ಲೆವಂತಾರೊನ್" ಎಂದಳು. ಇನ್ನೊಂದು ಸಲವೂ ಅದನ್ನೇ ಅಂದಳು.

ವರ್ನಾ ತರಗತಿಯಲ್ಲಿ ಮುಂದಿನ ಸಾಲಿನವಳು. ಲೆವಂತಾರ್ ಎಂದರೆ ಎತ್ತುವುದು, ಎಬ್ಬಿಸುವುದು ಎಂದು ಗೊತ್ತಿತ್ತು. ಅವನನ್ನು ಎತ್ತಿಕೊಂಡರು ಎಂದರೇನು? ಎಫಿಯನ್ನು ಬಾಗಿಲಲ್ಲೇ ನಿಲ್ಲಿಸಿ ಡೆಲ್ಬರ್ಟ್‌ಗೆ ಫೋನ್ ಮಾಡಿದಳು. ಅವನು ನಕ್ಕ.

"ಅಷ್ಟೂ ಗೊತ್ತಾಗಲ್ವೇನೇ? ಯಾರೋ ಗಾಡೀಲಿ ಹತ್ತಿಸ್ಕೊಂಡಿದ್ದಾರೆ ಅಂತ. ಲಿಫ್ಟ್ ಕೊಟ್ಟಿದ್ದಾರೆ ಕಣೇ, ಲಿಫ್ಟ್. ಅವನ ಮಂಡಿ ನೋಡಿ ಪಾಪ ಅನ್ನಿಸಿರುತ್ತೆ."

ವರ್ನಾಳಿಗೆ ಹಿತವೆನಿಸಿತು. ಅವಳು ಎಫಿಯ ಕೈ ಹಿಡಿದುಕೊಂಡು, ನಗುತ್ತಾ, "ಗ್ರಾಸಿಯಾಸ್, ಗ್ರಾಸಿಯಾಸ್" ಎಂದಳು. ಎಫಿ ಕೈ ಕಿತ್ತುಕೊಂಡು ಓಡಿದಳು. ಈ ಜನರ ಸಂಕೋಚವೇ ಸಂಕೋಚ ಎಂದುಕೊಂಡು ವರ್ನಾ ಬಟಾಟೆ ಬೇಯಲಿಟ್ಟಳು. ಗಂಡನ ತಟ್ಟೆಯಿಟ್ಟು ಕಾದಳು. ಮರುದಿನವೂ ಕಾದಳು. ಮೀನುಗಾರರು ಜೊಂಡಿನ ನಡುವೆ ಗೋಣಿಚೀಲವನ್ನು ಕಂಡದ್ದು ಆಮೇಲೆ.

*

ಹೆಣ ಎತ್ತುವ ಹೊತ್ತಾಯಿತು. ವರ್ನಾ ಮುಚ್ಚಳ ಹಾಕಿ, ಸ್ಕ್ರೂಗಳನ್ನು ಮತ್ತೆ ತಾನೇ ಬಿಗಿದು, ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು ನೇರ ರಸ್ತೆ ದಾಟಿದಳು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಎಫಿ ಮಾತ್ರ ನಿಂತಲ್ಲೇ ನಿಂತಳು.

"ಯಾಕೆ ಬರ್ತಿಲ್ಲ ನೀವು?" ವರ್ನಾ ತನ್ನ ಮುರುಕು ಸ್ಪ್ಯಾನಿಷ್‌ನಲ್ಲೇ ಕೇಳಿದಳು. "ನಿನ್ನ ಬಾಗಿಲು, ನಿನ್ನ ಹಿತ್ತಲ ಕದ, ಎಲ್ಲ ಅವನೇ ಮಾಡಿಕೊಟ್ಟಿದ್ದಲ್ವಾ?"

ಎಫಿ ನೆಲಕ್ಕೆ ಉಗಿದಳು. "ನಿನ್ನ ಗಂಡನ್ನ ಎತ್ತಾಕೊಂಡು ಹೋದ್ರು ಅಂತ ಬಂದು ಹೇಳ್ದೆ. ನೀನು ಫೋನ್ ಮಾಡಿ ಯಾರಿಗೋ ವರದಿ ಕೊಟ್ಟೆ. ಆಮೇಲೆ ನಕ್ಕೊಂಡು ನಂಗೆ ಥ್ಯಾಂಕ್ಸ್ ಹೇಳ್ದೆ. ಊರಿಗೆಲ್ಲ ಗೊತ್ತು ಸೆನ್ಯೋರಾ. ನೀನೇ ಅವನನ್ನ ಹಿಡಿದುಕೊಟ್ಟೆ."

ಎತ್ತಾಕೊಂಡು ಹೋದರು. ಆ ಮಾತಿಗೆ ಈ ಅರ್ಥವೂ ಇದೆಯೆಂದು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ವರ್ನಾ ಗೋಡೆ ಹಿಡಿದುಕೊಂಡಳು. ತಾನು ತಿಳಿದದ್ದೇನು, ಡೆಲ್ಬರ್ಟ್ ಹೇಳಿದ್ದೇನು ಎಂಬುದನ್ನು ಬಾಯಿಗೆ ಬಂದ ಮಾತಿನಲ್ಲಿ, ಬಾರದಿದ್ದಾಗ ಕೈಸನ್ನೆಯಲ್ಲಿ ಹೇಳಿದಳು. ಗಾಡಿ, ಹತ್ತಿಸಿಕೊಂಡರು, ಮಂಡಿನೋವು, ಬಟಾಟೆ, ತಟ್ಟೆ. ಎಫಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ವರ್ನಾಳ ಎರಡೂ ಕೈ ಹಿಡಿದಳು.

"ದೇವರೇ. ಹಾಗಾದ್ರೆ ನಿಂಗೆ ಏನೂ ಗೊತ್ತಿಲ್ಲ."

ಗೊತ್ತಿಲ್ಲದ್ದನ್ನೆಲ್ಲ ಅವಳು ಅಲ್ಲೇ ಗೋಡೆಯ ಬುಡದಲ್ಲಿ, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಯಾಡಿರಾ ಎಂಬುವಳು ಎಫಿಯ ತಂಗಿಯ ಮಗಳು, ರೊಸೆಂಡೊನ ಹೆಂಡತಿ. ಹೊಡೆದು ಹೊಡೆದು ಅವಳ ಒಂದು ಕಿವಿ ಕೇಳದಂತಾಗಿತ್ತು. ಒಮ್ಮೆ ಓಡಿಹೋಗಲು ನೋಡಿದಳೆಂದು ಬಿಸಿನೀರು ಎರಚಿದ್ದ. ಆಮೇಲೆ ಗುಡ್ಡದ ಮೇಲಿನ ಮನೆಯಲ್ಲಿ ಅವಳನ್ನು ಕೂಡಿಹಾಕಿ, ಹೊರಗಿನಿಂದ ದೊಡ್ಡ ಬೀಗ ಜಡಿದು ಹೋಗುತ್ತಿದ್ದ. ಎಫಿ ಓರಿನ್‌ನನ್ನು ಕರೆದುಕೊಂಡು ಹೋದಳು. ಮಾತಿಲ್ಲ, ಕೈಸನ್ನೆಯೇ. ಮೊದಲ ದಿನ ಅವನು ಬೀಗ ನೋಡಿಕೊಂಡು, ಏನೂ ಮಾಡದೆ ಹೊರಟುಹೋದ. ಹೆದರಿದ ಎಂದುಕೊಂಡಳು ಎಫಿ. ಮರುದಿನ ಅವನೇ ಬಂದು ಅವಳ ಕದ ತಟ್ಟಿದ.

"ಅವನಿಗೆ ಗೊತ್ತಿತ್ತಾ?" ವರ್ನಾ ಎಫಿಯ ಶಾಲು ಹಿಡಿದು ಜಗ್ಗಿದಳು. "ಯಾವ ಬೀಗ ತೆಗೀತಿದೀನಿ, ಯಾರದ್ದು ಅಂತ ಅವನಿಗೆ ಗೊತ್ತಿತ್ತಾ? ಸುಮ್ನೆ ಸೀ ಸೀ ಅಂದ್ಕೊಂಡು ಬಂದ್ನಾ?"

"ಬೀಗ ಹೊರಗಿತ್ತು, ಹೆಂಗಸು ಒಳಗಿದ್ಲು. ಅದನ್ನ ನೋಡೋಕೆ ಭಾಷೆ ಬೇಕಾ ಸೆನ್ಯೋರಾ?" ಎಫಿ ಕಣ್ಣೊರೆಸಿಕೊಂಡಳು. "ಬಾಗಿಲು ತೆಗೆದು ಅವಳಿಗೆ ಒಂದೇ ಮಾತು ಹೇಳಿದ. ಕೊರ್ರೆ ಅಂದ. ಓಡು ಅಂದ. ಅವಳು ಓಡಿದ್ಲು, ಗಡಿ ದಾಟಿದ್ಲು. ಸಂಜೆವರೆಗೂ ಗೊತ್ತಾಗದೇ ಇರ್ಲಿ ಅಂತ ಬೀಗಾನ ಒಂದು ಗೀರೂ ಬೀಳದ ಹಾಗೆ ಮತ್ತೆ ಹಾಕಿದ."

ವರ್ನಾ ಕಣ್ಣು ಮುಚ್ಚಿಕೊಂಡಳು. ಹಾಗಾದರೆ ಯಾರೂ ಅವನನ್ನು ಹಿಡಿದುಕೊಟ್ಟಿರಲಿಲ್ಲ. ಕಬ್ಬಿಣದ ಸಲಾಕೆಯಿಂದ ಒಡೆದಿದ್ದರೆ ಊರಿನ ಯಾವ ಗಂಡಸಿನ ಮೇಲಾದರೂ ಗುಮಾನಿ ಬರುತ್ತಿತ್ತು. ಒಡೆಯದೆ ತೆಗೆದು, ಒಡೆಯದೆ ಹಾಕಬಲ್ಲವನು ಇಡೀ ದಂಡೆಗೆ ಒಬ್ಬನೇ. ಅಚ್ಚುಕಟ್ಟು ಕೆಲಸವೇ ಅವನಿಗೆ ಮುಳುವಾಗಿತ್ತು.

"ಯಾರು ಕರ್ಕೊಂಡು ಬಂದ್ರು ಅಂತ ಕೇಳಿರ್ತಾರೆ ಅವನನ್ನ" ಎಂದಳು ಎಫಿ. "ನಾನಿನ್ನೂ ಬದುಕಿದೀನಿ."

ವರ್ನಾಳಿಗೆ ಹತ್ತು ಬೆರಳೂ ಕಣ್ಣ ಮುಂದೆ ಬಂದವು. ಒಂದೊಂದು ಬೆರಳಿಗೂ ಒಂದೊಂದು ಸಲ ಕೇಳಿದ್ದರು.

*

ಬೀಗ ನೋಡಿಕೊಂಡು ಸುಮ್ಮನೆ ಮರಳಿದ್ದ ದಿನ ರಾತ್ರಿಯೂಟಕ್ಕೆ ಕೂತಾಗ ಓರಿನ್ ಸುಮ್ಮನೆ ತಟ್ಟೆಯಲ್ಲಿ ಕೈಯಾಡಿಸುತ್ತಿದ್ದ. ವರ್ನಾ ಪಾಠದ ಪುಸ್ತಕ ತೆರೆದಿಟ್ಟುಕೊಂಡಿದ್ದಳು. ಭಾಷೆಯ ವಿಷಯದಲ್ಲಿ ಇಬ್ಬರದೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಸಂಸಾರ.

"ವರ್ನಾ, ಓಡು ಅನ್ನೋಕೆ ಇವರು ಏನಂತಾರೆ?"

ಅವಳು ಪುಸ್ತಕದಿಂದ ತಲೆಯೆತ್ತಿದಳು. ಬಂದಾಗಿನಿಂದ ಒಂದು ಪದವನ್ನೂ ತಾನಾಗಿ ಕೇಳಿದವನಲ್ಲ. "ಯಾರು ಓಡೋದು? ನೀನಾ? ಆ ಮಂಡಿ ಇಟ್ಕೊಂಡಾ? ಮೆಟ್ಟಿಲು ಹತ್ತೋಕೆ ಏನಂತಾರೆ ಅಂತ ಕೇಳು ಮೊದಲು."

"ಹೇಳೇ ಸುಮ್ನೆ."

"ಕೊರ್ರೆ. ರಕಾರಾನ ನಾಲಿಗೆ ಮೇಲೆ ಉರುಳಿಸ್ಬೇಕು. ನಿನ್ನ ಕೈಲಿ ಆಗಲ್ಲ ಬಿಡು."

ಅವನು ಹೇಳಿ ನೋಡಿದ. ಬರಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆಮೇಲೆ ಪಾತ್ರೆ ತೊಳೆಯುತ್ತ, ತನ್ನಷ್ಟಕ್ಕೇ, ನಲ್ಲಿಯ ಸದ್ದಿನ ಮರೆಯಲ್ಲಿ ಆ ಪದವನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಬಾಯಿ ಮುಚ್ಚು, ತಲೆನೋವು ಬರ್ತಿದೆ ಎಂದು ವರ್ನಾ ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ಅವನ ಬೆನ್ನಿಗೆ ಬೀಸಿ ಒಗೆದಿದ್ದಳು.

*

ಎಫಿ ರಸ್ತೆ ದಾಟಿದಳು. ಅವಳ ಹಿಂದೆ ಬೀದಿಯೇ ದಾಟಿತು. ಹೂವಿನ ಅಂಗಿಗಳ ಸಾಲಿನ ಹಿಂದೆ ಕರಿಯ ಶಾಲುಗಳ ಸಾಲು ನಡೆಯಿತು. ವರ್ನಾ ಡೆಲ್ಬರ್ಟ್‌ನ ಪಕ್ಕ ಬಂದು, ಲಿಫ್ಟ್ ಕೊಟ್ಟವರು ಯಾರೆಂದು ನಿನ್ನ ಇಸ್ಪೀಟಿನ ಗೆಳೆಯನನ್ನು ಕೇಳು ಎಂದು ಕಡ್ಡಿ ಮುರಿದಂತೆ ಹೇಳಿದಳು.

ಊರಿನ ಸ್ಮಶಾನಕ್ಕೆ ಆಳೆತ್ತರದ ಗೋಡೆ, ಎರಡು ಕದದ ಕಬ್ಬಿಣದ ಗೇಟು. ಗೋರಿಗಳ ಹಿತ್ತಾಳೆ ಹೂದಾನಿಗಳು ಕಳುವಾಗುತ್ತಿವೆಯೆಂದು ಪಾದ್ರಿ ಕೇಳಿಕೊಂಡಾಗ ಓರಿನ್ ತನ್ನ ಹಳೆಯ ಅಂಗಡಿಯ ಬೀಗವೊಂದನ್ನು ಅದಕ್ಕೆ ಕೊಟ್ಟಿದ್ದ. ಹಗಲು ಹೊತ್ತು ಅದು ಕೀಲಿಯ ಸಮೇತ ಗೇಟಿನ ಸರಪಳಿಯಲ್ಲಿ ನೇತಾಡುತ್ತಿರುತ್ತದೆ. ಪೆಟ್ಟಿಗೆ ಒಳಗೆ ಹೋಯಿತು, ಜನ ಒಳಗೆ ಹೋದರು. ಕೊನೆಯಲ್ಲಿ ವರ್ನಾ ಕಾಲಿಡುವಾಗ ಹಿಂದೆ ಟ್ರಕ್ಕಿನ ಸದ್ದಾಯಿತು.

ರೊಸೆಂಡೊ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಕೈಯಲ್ಲಿ ಹೂಚಕ್ರ. ಒಳಗಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ಅಳೆದು ನೋಡುತ್ತ ಬಂದು, ಅರ್ಧ ಎಳೆದಿದ್ದ ಗೇಟಿನ ಅಂಚನ್ನು ಹಿಡಿದು ನಿಂತ. ಅವನ ಕಣ್ಣು ಎಫಿಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತು. ಸೊಂಟದಲ್ಲಿ ಅಂಗಿ ಉಬ್ಬಿತ್ತು.

"ತಪ್ಪಾಗಿಹೋಯ್ತು ಸೆನ್ಯೋರಾ. ಹುಡುಗರು ಬೇರೆ ಯಾರೋ ಅಂದ್ಕೊಂಡ್ರು." ಪ್ರತಿ ಮಾತನ್ನೂ ಅವಳಿಗೆ ತಿಳಿಯುವಂತೆ ಬಿಡಿಸಿ ಹೇಳಿದ. "ನಿಮ್ಮ ದುಃಖ ನಂಗೂ ಗೊತ್ತು. ನನ್ನ ಹೆಂಡ್ತೀನೂ ಮನೆ ಬಿಟ್ಟು ಹೋಗಿದಾಳೆ. ಯಾರು ಸಹಾಯ ಮಾಡಿದ್ರು ಅಂತ ಇಲ್ಲಿ ಒಬ್ರಿಗಾದ್ರೂ ಗೊತ್ತಿರುತ್ತೆ. ಒಳಗೆ ಬಂದು ಕೇಳ್ಕೋತೀನಿ."

ವರ್ನಾ ಅವನ ಕೈಯನ್ನು ನೋಡಿದಳು. ನಾಲ್ಕು ಬೆರಳು ಎರಡು ಕದಗಳ ನಡುವೆ ಮಡಿಚಿಕೊಂಡಿದ್ದವು. ಅವಳು ನಕ್ಕಳು.

"ಗ್ರಾಸಿಯಾಸ್" ಎಂದಳು, ಮತ್ತು ಮೈಯ ಭಾರವನ್ನೆಲ್ಲ ಹಾಕಿ ಕದವನ್ನು ನೂಕಿದಳು.

ಮುರಿದ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ರೊಸೆಂಡೊನ ಬಾಯಿ ತೆರೆಯಿತು, ಕೂಗು ಆಮೇಲೆ ಬಂತು. ಅವಳು ಬಿಡಲಿಲ್ಲ. ಭುಜ ಕೊಟ್ಟು ಇನ್ನೊಮ್ಮೆ ಒತ್ತಿದಳು. ರಕ್ತ ಕಬ್ಬಿಣದ ಗುಂಟ ಇಳಿದು ಅವಳ ತೋಳಿಗೆ ಹತ್ತಿತು. ಎಫಿ ಓಡಿಬಂದು ಪಕ್ಕದಲ್ಲಿ ಭುಜ ಕೊಟ್ಟಳು, ಆಮೇಲೆ ಇನ್ನಿಬ್ಬರು ಹೆಂಗಸರು. ಅವನು ಹೇಗೋ ಕೈ ಕಿತ್ತುಕೊಂಡು, ಎಡಗೈಯಲ್ಲಿ ಪಿಸ್ತೂಲು ಹಿರಿದು ಹಾರಿಸಿದ. ಅಭ್ಯಾಸವಿಲ್ಲದ ಕೈ, ಗುಂಡು ಗೋಡೆಯ ತುದಿಯ ಗಾರೆ ಉದುರಿಸಿತು. ಗುಂಡಿ ತೋಡುವವರು ಗುದ್ದಲಿ ಹಿಡಿದು ಗೇಟಿಗೆ ಬಂದು ಸಾಲಾಗಿ ನಿಂತರು. ಅವರ ಹಿಂದೆ ಊರು ನಿಂತಿತು. ರೊಸೆಂಡೊ ಆ ಮುಖಗಳನ್ನೆಲ್ಲ ನೋಡಿ, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಟ್ರಕ್ಕಿನತ್ತ ಬಾಗಿ ನಡೆದ. ಹೂಚಕ್ರ ಧೂಳಿನಲ್ಲಿ ಬಿದ್ದಿತ್ತು.

ಅವನು ಜನ ಕಟ್ಟಿಕೊಂಡು ಬರುತ್ತಾನೆ. ಅದು ಎಲ್ಲರಿಗೂ ಗೊತ್ತಿತ್ತು. ವರ್ನಾಳಿಗೆ ಭಯವಾಗಿತ್ತು. ಆದರೂ ಸರಪಳಿಯನ್ನು ಎರಡು ಸುತ್ತು ಎಳೆದು, ಓರಿನ್‌ನ ಬೀಗವನ್ನು ಒಳಗಿನಿಂದ ಹಾಕಿದಳು. ಕೀಲಿ ತೆಗೆದುಕೊಂಡು ಗುಂಡಿಯ ಬಳಿಗೆ ಬಂದಳು. ಪೆಟ್ಟಿಗೆಯನ್ನು ಇಳಿಸಿದ್ದರು. ಈ ಊರಿನ ಪದ್ಧತಿಯಂತೆ ಮೊದಲ ಹಿಡಿ ಮಣ್ಣು ಹೆಂಡತಿಯದು, ಎಲ್ಲರದೂ ಆದ ಮೇಲೆ ಗಾರೆ ಕೆಲಸದವನು ಗುಂಡಿಗೆ ಇಟ್ಟಿಗೆ ಮುಚ್ಚುತ್ತಾನೆ.

ಅವಳು ಮಣ್ಣಿನ ಜೊತೆಗೆ ಕೀಲಿಯನ್ನೂ ಹಾಕಿದಳು. ಅದು ಮುಚ್ಚಳದ ಮೇಲೆ ಟಣ್ಣೆಂದಿತು. ಎಫಿ ಹಿಡಿ ಮಣ್ಣು ಹಾಕಿ ವರ್ನಾಳ ಪಕ್ಕ ನೆಲದ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಮಣ್ಣು ಹಾಕಿ, ಗೇಟಿನತ್ತ ಮುಖ ಮಾಡಿ ಕೂತರು.

ಗೇಟಿನ ಬೀಗ ಅಲುಗದೆ ತೂಗುಬಿದ್ದಿತ್ತು. ಅದನ್ನು ಒಡೆಯದೆ ತೆಗೆಯಬಲ್ಲವನು ಊರಿಗೆ ಒಬ್ಬನೇ ಇದ್ದ. ಅವನ ಮೇಲೆ ಗಾರೆ ಕೆಲಸದವನು ಇಟ್ಟಿಗೆ ಜೋಡಿಸುತ್ತಿದ್ದ.