ನಲವತ್ತೋ ಅರವತ್ತೋ

ಇನ್ನು ಮೇಲೆ ಅರವತ್ತು ಸೆಂಟಿಮೀಟರಿನ ಬೊಂಬೆಯನ್ನೇ ಇಟ್ಟುಕೊಳ್ಳುತ್ತೇನೆ ಎಂದು ಮಿನೆಕೊ ಸಾನ್ ಹೇಳಿದಾಗ ನನ್ನ ಬಾಯಲ್ಲಿ ಸೋಬಾಮೆಶಿಯ ತುತ್ತಿತ್ತು. ಕಾದ ಕಾವಲಿಯ ಮೇಲೆ ಅನ್ನವನ್ನೂ ನೂಡಲ್ಸನ್ನೂ ಒಟ್ಟಿಗೆ ಕೊಚ್ಚಿ ಹುರಿದುಕೊಡುವ ಆ ತಿಂಡಿ ನಮ್ಮ ನಾಗಾತದಲ್ಲಿ ಆದಂತೆ ಕೋಬೆಯ ಇನ್ಯಾವ ಓಣಿಯಲ್ಲೂ ಆಗುವುದಿಲ್ಲ ಎಂದು ನಾನು ಯಾರ ಜೊತೆ ಬೇಕಾದರೂ ಜಗಳವಾಡುತ್ತೇನೆ. ಅವತ್ತು ಮಾತ್ರ ಅರ್ಧ ತಟ್ಟೆ ಹಾಗೆಯೇ ಬಿಟ್ಟೆ.

ಹನ್ನೆರಡು ವರ್ಷದಿಂದ ನಾವಿಬ್ಬರೂ ನಲವತ್ತರವರು. ಕೀಲುಬೊಂಬೆ ಸಾಕುವವರಲ್ಲಿ ಅಳತೆಯೆಂದರೆ ಸಾಮಾನ್ಯ ವಿಷಯವಲ್ಲ. ಇಪ್ಪತ್ತಾರು ಸೆಂಟಿಮೀಟರಿನವು ಮಕ್ಕಳು, ನಲವತ್ತರವು ಶಾಲೆಗೆ ಹೋಗುವ ಹುಡುಗಿಯರು, ಅರವತ್ತರವು ಎದೆಯೆತ್ತಿ ನಿಲ್ಲುವ ಪ್ರಾಯದವರು. ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ, ಶೂ ಆಗುವುದಿಲ್ಲ, ಒಂದು ಫೋಟೊದಲ್ಲಿ ಪಕ್ಕಪಕ್ಕ ನಿಂತರೆ ಹೊಂದುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಬೊಂಬೆಯ ಅಳತೆ ಆರಿಸಿಕೊಂಡವರು ಗೆಳತಿಯರನ್ನೂ ಆರಿಸಿಕೊಂಡ ಹಾಗೆಯೇ. ನಾವು ಬೊಂಬೆ ಕೊಂಡೆವು ಎನ್ನುವುದಿಲ್ಲ, ಮನೆ ತುಂಬಿಸಿಕೊಂಡೆವು ಎನ್ನುತ್ತೇವೆ. ಒಳಗಿನ ಎಲಾಸ್ಟಿಕ್ ಸಡಿಲವಾಗಿ, ಕೈಕಾಲು ಜೋತುಬಿದ್ದು, ತಯಾರಿಸಿದವರ ಹತ್ತಿರ ರಿಪೇರಿಗೆ ಕಳಿಸಿದರೆ ತವರಿಗೆ ಹೋಗಿದ್ದಾಳೆ ಎನ್ನುತ್ತೇವೆ. ನಗುವವರು ನಗಲಿ.

ನಾನು ಹಗಲಲ್ಲಿ ಶೂ ಕಾರ್ಖಾನೆಯೊಂದರಲ್ಲಿ ಮೇಲ್ಭಾಗದ ಚರ್ಮ ಹೊಲಿಯುವವಳು. ಅಲ್ಲಿ ಬಿಸಾಡುವ ತುಂಡುಗಳನ್ನು ತಂದು ಮನೆಯಲ್ಲಿ ಬೊಂಬೆಗಳಿಗೆ ಶೂ ಮಾಡುತ್ತೇನೆ. ಮಿನೆಕೊ ಸಾನ್ ನನಗಿಂತ ಒಂಬತ್ತು ವರ್ಷ ದೊಡ್ಡವರು. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳ ಕೋಟು ಪ್ಯಾಂಟು ಬಿಗಿ-ಸಡಿಲ ಮಾಡಿಕೊಡುತ್ತಾ ಮೂವತ್ತು ವರ್ಷ ಕಳೆದವರು. ನನ್ನ ಬೊಂಬೆ ಸುಜುಗೂ ಅವರ ಬೊಂಬೆ ಮಾಮೆಗೂ ಬಟ್ಟೆ ಅವರದು, ಶೂ ನನ್ನದು. ಪ್ರತಿ ಶನಿವಾರ ಮಧ್ಯಾಹ್ನ ಈ ಹೋಟೆಲಿನ ಕಟ್ಟೆಯಲ್ಲಿ ಕೂತು ತಿಂದು, ಆಮೇಲೆ ನಮ್ಮ ಮನೆಗೆ ಬಂದು ಇಬ್ಬರು ಹುಡುಗಿಯರಿಗೂ ಹೊಸದು ತೊಡಿಸಿ ನೋಡುವುದು. ನನಗೆ ಗಂಡ ಮಕ್ಕಳಿಲ್ಲ, ಇದ್ದಿದ್ದರೂ ಶನಿವಾರವನ್ನು ಅವರಿಗೆ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ.

"ಅರವತ್ತರವಳನ್ನ ಎಲ್ಲಿ ಇಡ್ತೀರಾ? ನಿಮ್ಮ ಮನೇಲಿ ನಿಮಗೇ ಕಾಲು ಚಾಚೋಕೆ ಜಾಗ ಇಲ್ಲ" ಎಂದೆ.

"ಎಲ್ಲೋ ಒಂದು ಕಡೆ ಕೂರ್ತಾಳೆ ಬಿಡು."

"ಮಾಮೆ ಗತಿ?"

ಅವರು ತಟ್ಟೆ ನೋಡುತ್ತಾ, "ಮಾಮೆನ ನಿಂಗೇ ಕೊಡ್ತೀನಿ ಕಯೋ ಚಾನ್. ಸುಜು ಜೊತೆ ಇರ್ಲಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಮಾಮೆ ಮನೆ ತುಂಬಿದ ದಿನ ಇದೇ ಹೆಂಗಸು ಖುಷಿಯಿಂದ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಈಗ ದತ್ತು ಕೊಡುತ್ತಾರಂತೆ, ಮಿಕ್ಕ ಪಲ್ಯ ಕೊಟ್ಟಂತೆ. ಕಾರಣ ಕೇಳಿದರೆ ದೊಡ್ಡ ಬೊಂಬೆಯ ಮುಖ ಲಕ್ಷಣವಾಗಿರುತ್ತದೆ ಎಂದರು, ಕೂದಲು ಚೆನ್ನಾಗಿ ಕೂರುತ್ತದೆ ಎಂದರು. ಒಂದನ್ನೂ ನಾನು ನಂಬಲಿಲ್ಲ. ನಮ್ಮ ಬೊಂಬೆ ಮೇಳದಲ್ಲಿ ಅರವತ್ತರವರ ಗುಂಪೇ ಬೇರೆ. ರೇಷ್ಮೆ ದಿಂಬು, ಗಾಜಿನ ಪೆಟ್ಟಿಗೆ, ನಮ್ಮ ಮೇಜಿನ ಮುಂದೆ ಹಾದುಹೋಗುವಾಗ ಒಂದು ಅರೆನಗು. ಅವರಲ್ಲಿ ಯಾರೋ ಇವರ ಹೊಲಿಗೆ ನೋಡಿ ಗಾಳ ಹಾಕಿದ್ದಾರೆ ಎಂದುಕೊಂಡೆ. ಅದನ್ನೇ ಬಾಯಿಬಿಟ್ಟು ಹೇಳಿದೆ ಕೂಡ: ದೊಡ್ಡವರ ಸಹವಾಸ ಸಿಕ್ಕಿತಲ್ಲ, ಇನ್ನು ನಮ್ಮಂಥ ಗಿಡ್ಡರು ಕಣ್ಣಿಗೆ ಕಾಣುತ್ತಾರೆಯೇ ಎಂದು. ಮಿನೆಕೊ ಸಾನ್ ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು, ಚಳಿ ಜಾಸ್ತಿಯಾಯಿತು ಎಂದು ಎದ್ದು ಹೋದರು.

ಮುಂದಿನ ಮೂರು ಶನಿವಾರ ನಾನು ಆ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಅವರೂ ಫೋನು ಮಾಡಲಿಲ್ಲ. ಹಟದಲ್ಲಿ ನಾನೇನು ಕಡಿಮೆಯವಳಲ್ಲ, ಆದರೆ ಮೂರನೆಯ ವಾರದ ಹೊತ್ತಿಗೆ ಸುಜುವಿನ ಮುಖ ನೋಡಿದರೂ ಸಿಟ್ಟು ಬರುತ್ತಿತ್ತು. ಅವಳು ತೊಟ್ಟಿದ್ದ ಅಂಗಿಯಲ್ಲಿ ಒಂದು ಹೊಲಿಗೆಯೂ ನನ್ನದಾಗಿರಲಿಲ್ಲವಲ್ಲ.

ಫೆಬ್ರವರಿ ಕೊನೆಯಲ್ಲಿ ಮೇಳ ಬಂತು. ಪ್ರತಿವರ್ಷ ಇಬ್ಬರಿಗೂ ಸೇರಿ ಒಂದೇ ಮೇಜು, ಅವರ ಬಟ್ಟೆ ಮತ್ತು ನನ್ನ ಶೂ ಜೋಡಿಯಾಗಿ ಮಾರುವುದು. ಈ ಸಲ ಅವರು ಬರಲಿಲ್ಲ. ಗಂಟಲು ಕೆಟ್ಟಿದೆ, ಇದನ್ನು ಮಾರಿಬಿಡು ಎಂಬ ಚೀಟಿಯ ಜೊತೆ ಎಂಟು ಫ್ರಾಕುಗಳ ಪೊಟ್ಟಣ ಬಂದಿತ್ತು. ನಾನು ಮುಖ ಗಂಟಿಕ್ಕಿಕೊಂಡೇ ಅವನ್ನು ಮೇಜಿನ ಮೇಲೆ ಹರವಿದೆ.

ಮೊದಲು ಬಂದ ಗಿರಾಕಿ ಹಿಮೇಜಿ ಕಡೆಯ ಹೆಂಗಸು, ಪ್ರತಿವರ್ಷ ಕೊಳ್ಳುವವಳು. ನೀಲಿ ಫ್ರಾಕು ಎತ್ತಿ ಬೆನ್ನಿನ ಗುಂಡಿ ಬಿಚ್ಚಲು ಹೋದಳು. ಗುಂಡಿ ಅವಳ ಬೆರಳಲ್ಲೇ ಬಂತು. ಗುಂಡಿಯಿದ್ದ ಜಾಗದಲ್ಲಿ ದಾರವಿರಲಿಲ್ಲ, ಗೋಂದಿನ ಒಂದು ಹನಿ ಒಣಗಿ ಕೂತಿತ್ತು.

ಗೋಂದು! ಗೋಂದು ಹಚ್ಚುವವರಿಗಿಂತ ಹೊಲಿಯಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರೇ ಮೇಲು ಎಂದು ಇಡೀ ಮೇಳದಲ್ಲಿ ಸಾರಿಕೊಂಡು ತಿರುಗಿದ ಮಹಾತಾಯಿ ಮಿನೆಕೊ ಸಾನ್. ನಾನು ಉಳಿದ ಏಳನ್ನೂ ತಿರುವಿ ನೋಡಿದೆ. ಎಲ್ಲದರ ಗುಂಡಿಯೂ ಗೋಂದಿನದೇ. ಒಂದರ ಕಾಲರಿನಲ್ಲಿ ಹೊಲಿಗೆ ಹಾದಿ ತಪ್ಪಿ, ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದ ಸೂಜಿಗುರುತುಗಳಿದ್ದವು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಎಂಟನ್ನೂ ಮಡಿಸಿ ಚೀಲಕ್ಕೆ ಹಾಕಿ, ಇವತ್ತು ಶೂ ಮಾತ್ರ ಎಂದು ಹಿಮೇಜಿಯವಳಿಗೆ ಹೇಳಿದೆ. ಮಧ್ಯಾಹ್ನಕ್ಕೆ ಶೂಗಳನ್ನೂ ಕಟ್ಟಿಟ್ಟು, ಮಿನೆಕೊ ಸಾನರ ಮನೆಯಿರುವ ತಾರುಮಿಗೆ ಹೋಗುವ ರೈಲು ಹತ್ತಿದೆ.

ಬಾಗಿಲು ತೆಗೆದ ಮಿನೆಕೊ ಸಾನರ ಗಂಟಲಿಗೆ ಏನೂ ಆಗಿರಲಿಲ್ಲ. ನಾನು ನೀಲಿ ಫ್ರಾಕನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಒಳಗೆ ಬಾ ಎಂದರು. ಕೋತಾತ್ಸು ಎಂಬ ಗಿಡ್ಡ ಮೇಜಿನ ಬೆಚ್ಚಗಿನ ಹೊದಿಕೆಯೊಳಗೆ ಇಬ್ಬರೂ ಕಾಲು ತೂರಿಸಿ ಕೂತ ಮೇಲೆ ಅವರು ಎರಡು ಕೈಯನ್ನೂ ಸ್ವೆಟರಿನ ತೋಳಿನಿಂದ ಹೊರಗೆಳೆದು ಮೇಜಿನ ಮೇಲಿಟ್ಟರು. ಬೆರಳ ತುದಿಯ ಗೆಣ್ಣುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಇದು ವಾಸಿಯಾಗುವಂಥದ್ದಲ್ಲ, ನೋವಿಗೆ ಮಾತ್ರ ಮಾತ್ರೆ ಎಂದು ಡಾಕ್ಟರು ಹೇಳಿದ್ದರಂತೆ.

"ಮಾಮೆ ಗುಂಡಿ ನಾಲ್ಕು ಮಿಲಿಮೀಟರು. ಹಿಡಿದಿದೀನೋ ಇಲ್ವೋ ಅಂತಾನೇ ಗೊತ್ತಾಗಲ್ಲ ಕಣೆ. ಅರವತ್ತರವಳದು ಎಂಟು. ಅದು ಇನ್ನೂ ಕೈಗೆ ಸಿಗುತ್ತೆ" ಎಂದರು.

"ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಏನಂತಿದ್ದೆ? ನೀವು ಸುಮ್ನೆ ಕೂತ್ಕೊಳ್ಳಿ, ಗುಂಡಿ ನಾನು ಹಾಕ್ತೀನಿ ಅಂತಿದ್ದೆ."

ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು ಸರಿಯಾಗಿ ಅದೇ ಮಾತು. ನುಂಗಿಕೊಂಡೆ.

"ನಂಗೆ ಸುಮ್ನೆ ಕೂರೋದು ಬೇಡ. ಹೊಲೀಬೇಕು. ಅಳತೆ ದೊಡ್ಡದಾದ್ರೆ ಇನ್ನೂ ಹತ್ತು ವರ್ಷ ಹೊಲೀಬಹುದು."

ಆಮೇಲೆ ಕಪಾಟಿನಿಂದ ಒಂದು ಕೋಟು ತೆಗೆದು ತೋರಿಸಿದರು. ಕಡುನೀಲಿ ಉಣ್ಣೆಯದು, ಮುಂದೆ ಎರಡು ಸಾಲಿನಲ್ಲಿ ಎಂಟು ಗುಂಡಿ, ಕಾಜಾ ಎಲ್ಲ ಕೈಹೊಲಿಗೆ. ಬೊಂಬೆ ಇನ್ನೂ ಅಂಗಡಿಯಲ್ಲಿದೆ, ಕೋಟು ಆಗಲೇ ಸಿದ್ಧ. ಮೊದಲಾದರೆ ನಾಲ್ಕು ದಿನದಲ್ಲಿ ಮುಗಿಸುತ್ತಿದ್ದರು, ಇದಕ್ಕೆ ಪೂರ್ತಿ ತಿಂಗಳು ಹಿಡಿದಿತ್ತು. ಹಿಂದೆ ಮುಂದೆ ತಿರುಗಿಸಿ, ಒಳಗಿನ ಅಸ್ತರನ್ನೂ ಮಡಚಿ ನೋಡಿದೆ. ತಪ್ಪು ಹುಡುಕುವುದರಲ್ಲಿ ನಾನು ನಿಸ್ಸೀಮಳು. ಒಂದೂ ಸಿಗಲಿಲ್ಲ. ಮಾಮೆಯನ್ನು ಯಾರಿಗೂ ಕೊಡಕೂಡದು, ಅರವತ್ತರವಳನ್ನು ಕರೆತರಲು ನಾನೂ ಬರುತ್ತೇನೆ ಎಂದು ಹೇಳಿ ಎದ್ದೆ. ಬೈದಂತೆಯೇ ಹೇಳಿದೆ, ನನಗೆ ಬರುವುದು ಅದೇ ಧಾಟಿ.

ಮಾರ್ಚಿನ ಎರಡನೆಯ ಭಾನುವಾರ ಸಾನ್ನೊಮಿಯಾದ ಅಂಗಡಿಗೆ ಹೋದೆವು. ಮಿನೆಕೊ ಸಾನ್ ಆರಿಸಿದ್ದು ದಪ್ಪ ಹುಬ್ಬಿನ, ಯಾರ ಮಾತನ್ನೂ ಕೇಳದವಳಂಥ ಮುಖದ ಹುಡುಗಿಯನ್ನು. ಯಾರನ್ನೋ ಕಂಡಂತಿದೆ ಎಂದರು. ನಾನು ಕೇಳಿಸದವಳ ಹಾಗೆ ಇದ್ದೆ.

ಆ ಅಂಗಡಿಯಲ್ಲಿ ಒಂದು ಕ್ರಮವಿದೆ. ಬೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ಕೈಗೆ ಕೊಟ್ಟು ಕಳಿಸುವುದಿಲ್ಲ. ಮನೆ ತುಂಬಿಸಿಕೊಳ್ಳುವವಳನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ, ಬಿಳಿ ಕೈಗವಸು ತೊಟ್ಟ ಅಂಗಡಿಯ ಹುಡುಗಿ ಬೊಂಬೆಯನ್ನು ದಿಂಬಿನ ಮೇಲೆ ತರುತ್ತಾಳೆ, ಮನೆ ತುಂಬಿಸಿಕೊಳ್ಳುವವಳು ತಾನೇ ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಆಗ ಫೋಟೊ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಮಿನೆಕೊ ಸಾನ್ ಬೊಂಬೆಯ ಕಂಕುಳಿಗೆ ಕೈ ಹಾಕಿ ಎತ್ತಿದರು. ಅರ್ಧ ಎತ್ತಿದವರೇ ಮುಖ ಕಿವುಚಿದರು. ಮಣಿಕಟ್ಟು ವಾಲಿತು, ಬೊಂಬೆಯ ತಲೆ ಹಿಂದಕ್ಕೆ ಬಿತ್ತು, ಬಿಳಿ ಕೈಗವಸಿನ ಹುಡುಗಿ ಚುರುಕಾಗಿದ್ದುದರಿಂದ ಕೆಳಗೆ ಬೀಳದೆ ಉಳಿಯಿತು. ನಮ್ಮವರು ಸೆಂಟಿಮೀಟರು ಲೆಕ್ಕ ಹಾಕುತ್ತಾರೆಯೇ ಹೊರತು ತೂಕ ಕೇಳುವುದಿಲ್ಲ. ಗಾಜಿನಾಚೆ ಇರುವುದನ್ನು ಮುಟ್ಟಿ ನೋಡಿದವರಾರು? ಮಾಮೆಯ ಎರಡೂವರೆ ಪಟ್ಟು ತೂಕ ಅವಳದು. ಗುಂಡಿಯ ಯೋಚನೆ ಮಾಡಿದೆವು, ಕೋಟಿನದು ಮಾಡಿದೆವು, ಕೋಟು ತೊಡಿಸಲು ಇವಳನ್ನು ಎತ್ತಬೇಕು ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಮಿನೆಕೊ ಸಾನ್ ಬೆವರೊರೆಸಿಕೊಂಡು, ತಪ್ಪಾಯಿತು, ನನಗೆ ನಲವತ್ತರವಳನ್ನೇ ತೋರಿಸಿ ಎಂದು ಆ ಹುಡುಗಿಗೆ ತಗ್ಗಿದ ದನಿಯಲ್ಲಿ ಹೇಳಿದರು.

"ಅವಳಿಗೆ ಬಟ್ಟೆ ಯಾರು ಹೊಲೀತಾರೆ?" ಎಂದೆ ನಾನು.

"ಅಂಗಡೀಲೇ ಸಿಗುತ್ತಲ್ಲ."

ಇಷ್ಟು ವರ್ಷದಲ್ಲಿ ಒಂದು ಕಾಲುಚೀಲವನ್ನೂ ಅಂಗಡಿಯಿಂದ ಕೊಳ್ಳದ ಹೆಂಗಸು ಹೇಳಿದ ಮಾತು ಇದು. ಅಷ್ಟು ಜನರೆದುರು ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಅವರ ಕುರ್ಚಿಯ ಪಕ್ಕ ಮಂಡಿಯೂರಿ ಬೊಂಬೆಯನ್ನು ದಿಂಬಿನಿಂದ ನಾನೇ ಎತ್ತಿ ಅವರ ತೊಡೆಯ ಮೇಲೆ ನಿಲ್ಲಿಸಿ ಹಿಡಿದುಕೊಂಡೆ.

"ವಾರಪೂರ್ತಿ ಇವಳು ಕೂತಿರ್ಲಿ, ನೀವು ಹೊಲೀತಿರಿ. ಶನಿವಾರ ನಾನು ಬಂದು ಎತ್ತಿ ಹಿಡ್ಕೋತೀನಿ, ನೀವು ತೊಡಿಸಿ."

"ನಿನ್ನ ಹಂಗಿನಲ್ಲಿ ಬೊಂಬೆ ಸಾಕ್ಬೇಕಾ ನಾನು?"

"ಹನ್ನೆರಡು ವರ್ಷ ನನ್ನ ಸುಜು ನಿಮ್ಮ ಹಂಗಿನ ಬಟ್ಟೇಲೇ ತಿರುಗಿದಾಳೆ. ಅದಕ್ಕೆ ಅಂತ ನಾನೇನು ಅವಳನ್ನ ಬರಿಮೈಲಿ ಬಿಟ್ಟಿದ್ನಾ?"

ಬಿಳಿ ಕೈಗವಸಿನ ಹುಡುಗಿ ದಿಂಬು ಹಿಡಿದುಕೊಂಡು ಯಾವ ಅಳತೆ ಎಂದು ತಿಳಿಯದೆ ನಿಂತಿದ್ದಳು. ಕೊನೆಗೆ ಮಿನೆಕೊ ಸಾನ್ ಚೀಲಕ್ಕೆ ಕೈ ಹಾಕಿ ಆ ಕಡುನೀಲಿ ಕೋಟನ್ನು ಹೊರತೆಗೆದರು.

ಫೋಟೊಗೆ ಮುಂಚೆ ತೊಡಿಸಿಬಿಡುತ್ತೇನೆ, ಸ್ವಲ್ಪ ತಡವಾಗುತ್ತದೆ ಎಂದು ಹುಡುಗಿಗೆ ಹೇಳಿದರು. ಸ್ವಲ್ಪವೆಲ್ಲಿ, ಒಂದೊಂದು ಗುಂಡಿಗೂ ಬೆರಳು ಮೂರು ಮೂರು ಸಲ ಜಾರುತ್ತಿತ್ತು. ನಮ್ಮ ಹಿಂದೆ ಇನ್ನಿಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಲ್ಲಿ ಯಾರಾದರೂ ಬೇಗ ಎಂದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ, ಪುಣ್ಯಕ್ಕೆ ಯಾರೂ ಅನ್ನಲಿಲ್ಲ. ಐದನೆಯ ಗುಂಡಿಯ ಹೊತ್ತಿಗೆ ನನ್ನ ತೋಳು ನಡುಗತೊಡಗಿತು.

"ಭಾರ ಆಗ್ತಿದ್ರೆ ಹೇಳು ಕಯೋ ಚಾನ್" ಎಂದರು ಮಿನೆಕೊ ಸಾನ್, ತಲೆಯೆತ್ತದೆ.

ಭಾರವಾಗುತ್ತಿತ್ತು. ಇಲ್ಲ, ನಿಧಾನವಾಗಿ ಹಾಕಿ ಎಂದೆ.