ಹೆಸರುಕಾಳಿನ ದಿಂಬು

ನಾನು ಒಂದು ದಿಂಬು. ಯಾರ ತಲೆಗೂ ಅಲ್ಲ, ಕ್ಯಾಮೆರಾದ ಉದ್ದ ಲೆನ್ಸಿಗೆ.

ನಾನು ಹುಟ್ಟಿದ್ದು ಗದಗಿನಲ್ಲಿ, ಕೊಣ್ಣೂರ ಫೋಟೋ ಸ್ಟುಡಿಯೋದ ಹಳೆಯ ಪರದೆಯ ತುಂಡಿನಿಂದ. ಆ ಪರದೆಯ ಮುಂದೆ ನಿಂತು ಎಷ್ಟೋ ಮದುಮಕ್ಕಳು ಫೋಟೋ ತೆಗೆಸಿಕೊಂಡಿದ್ದರಂತೆ. ಅದರ ಮೇಲೆ ಬಣ್ಣದಲ್ಲಿ ಬರೆದಿದ್ದ ಸರೋವರದ ಒಂದು ಮೂಲೆ ನನ್ನ ಹೊಟ್ಟೆಯ ಮೇಲೆ ಇಂದಿಗೂ ಇದೆ. ಹೊಲಿದವರು ಸ್ಟುಡಿಯೋ ಮಾಲೀಕ ಗುರುಸಿದ್ದಪ್ಪ ಕೊಣ್ಣೂರರ ಹೆಂಡತಿ ಶರಣವ್ವ. ಒಳಗೆ ಹೆಸರುಕಾಳು ತುಂಬಿ ಬಾಯಿ ಹೊಲಿಯುವಾಗ ಗಂಡನನ್ನು ಚುಚ್ಚಿದರು: "ನನ್ನ ದಿಂಬಿನ ಅರಳಿ ಗಂಟಾಗಿ ವರ್ಷಾತು. ಅದು ಕಣ್ಣಿಗಿ ಬೀಳವಲ್ದು. ನಿಮ್ಮ ಲೆನ್ಸಿಗೆ ಮಾತ್ರ ಮೆತ್ತನ್ನ ದಿಂಬು ಬೇಕು."

"ಲೆನ್ಸು ನಿನ್ನಂಗ ಗೊರಕಿ ಹೊಡಿಯಂಗಿಲ್ಲ," ಎಂದರು ಕೊಣ್ಣೂರ ಸರ್. ಸೂಜಿ ಸುಮ್ಮನೆ ಅವರ ಬೆರಳಿನ ಕಡೆ ಹೋಗಿ ಬಂತು.

ಚಳಿಗಾಲ ಬಂದರೆ ಸರ್ ಮತ್ತು ನಾನು ನಮ್ಮ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ. ದೂರದ ಹಿಮದ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಸರ್ ಕೆಸರಿನಲ್ಲಿ ಬೋರಲು ಮಲಗುತ್ತಿದ್ದರು. ಲೆನ್ಸು ನನ್ನ ಮೇಲೆ, ಅವರ ಎಡಗೈ ಲೆನ್ಸಿನ ಮೇಲೆ. ಕಾಳುಗಳು ಸರಿದು ಸರಿದು ಲೆನ್ಸಿಗೆ ತಕ್ಕ ತಗ್ಗಾಗುತ್ತಿದ್ದವು. ಉಸಿರು ಅರ್ಧ ಬಿಟ್ಟು, ಅಲ್ಲೇ ತಡೆದು, ಬೆರಳನ್ನು ಮೆಲ್ಲಗೆ ಒತ್ತುವುದು ಅವರ ಪದ್ಧತಿ. ಆ ಗಳಿಗೆಯಲ್ಲಿ ಅವರ ಎದೆ ಬಡಿಯುವುದು ನೆಲದಿಂದ ನನಗೆ ಕೇಳುತ್ತಿತ್ತು. ಕೈ ಮಾತ್ರ ಕಲ್ಲಿನಂತೆ ಇರುತ್ತಿತ್ತು.

ಒಮ್ಮೆ ನಾನು ನೀರಿಗೆ ಬಿದ್ದೆ. ಒಣಗಿಸುವುದನ್ನು ಮರೆತು ಸರ್ ನನ್ನನ್ನು ಗಾಡಿಯಲ್ಲೇ ಬಿಟ್ಟರು. ನನ್ನ ಹೊಲಿಗೆಯ ಸಂದಿಯಿಂದ ಬಿಳಿ ಮೊಳಕೆ ಇಣುಕಿದಾಗ ಶರಣವ್ವ ನನ್ನನ್ನು ಬಿಚ್ಚಿ, ಪಲ್ಯ ಮಾಡಿ, ಗಂಡನಿಗೇ ಬಡಿಸಿದರು. ಮತ್ತೆ ಹೊಸ ಕಾಳು ತುಂಬಿದರು.

ಭಾನುವಾರ ಸ್ಟುಡಿಯೋದ ಮಹಡಿಯಲ್ಲಿ ಊರಿನ ಫೋಟೋ ಹುಚ್ಚಿನವರೆಲ್ಲ ಸೇರುತ್ತಿದ್ದರು. ಒಬ್ಬೊಬ್ಬರ ಚಿತ್ರವೂ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತಿತ್ತು. ನಿಯಮ ಸರ್ ಹಾಕಿದ್ದು: ಯಾರ ಫೋಟೋವೋ ಅವರು ಬಾಯಿ ಬಿಡಬಾರದು. ನೋಡಿದವರು ಮೊದಲು ಚಂದವಿರುವುದನ್ನು ಹೇಳಬೇಕು, ಆಮೇಲೆ ಕೊರತೆ, ಕೊನೆಗೆ 'ಮುಂದಿನ ಸಲ ಹೀಗೆ ಮಾಡು' ಎನ್ನಬೇಕು. ಸರ್ ಮಡಿಲಲ್ಲಿ ನನ್ನನ್ನು ಇಟ್ಟುಕೊಂಡು ಕೂರುತ್ತಿದ್ದರು.

ರೇಣುಕಾ ಬಸರಕೋಡ ಎಂಬ ಶಾಲಾ ಶಿಕ್ಷಕಿ ಮೊದಲ ಸಲ ತಂದದ್ದು ಒಂದು ಮಿಂಚುಳ್ಳಿಯ ಚಿತ್ರ. ಸರ್ ಹೇಳಿದರು: "ಬಣ್ಣ ಭಾಳ ಚಂದ ಬಂದೈತಿ ತಂಗಿ. ಆದ್ರ ನೀ ನಿಂತು ತಗದೀ. ಹಕ್ಕಿ ನೆತ್ತಿ ಅಷ್ಟ ಕಾಣತೈತಿ, ಕಣ್ಣಾಗ ಜೀವ ಇಲ್ಲ. ಮುಂದಿನ ಸಲ ಸೀರಿ ಚಿಂತಿ ಬಿಡು, ಕೆಸರಾಗ ಮಕ್ಕೋ."

ರೇಣುಕಾ ಮೆಟ್ಟಿಲಲ್ಲಿ ಅತ್ತಳು. ಮುಂದಿನ ಭಾನುವಾರ ಮೊಣಕೈ ತರಚಿಸಿಕೊಂಡು ಬಂದಳು. ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಹೊಳೆಯುತ್ತಿತ್ತು. ಅಂದು ಸರ್ ನನ್ನ ಮೇಲೆ ತಾಳ ಹಾಕಿದರು.

ಆಮೇಲೆ ಆ ನಡುಕ ಬಂತು. ಅದು ಮೊದಲು ಗೊತ್ತಾದದ್ದು ನನಗೆ. ಲೆನ್ಸಿನ ಮೇಲಿನ ಎಡಗೈ, ಬೊಗಸೆಯಲ್ಲಿ ಹಿಡಿದ ಚಿಟ್ಟೆಯಂತೆ, ಒಳಗೊಳಗೇ ಪಟಪಟ ಅನ್ನತೊಡಗಿತು. ನಡುಕ ಚಿತ್ರದಲ್ಲಿ ಬೀಳದಿರಲೆಂದು ಸರ್ ಷಟರಿನ ವೇಗ ಹೆಚ್ಚಿಸಿದರು. "ಇನ್ನೊಂದಿಷ್ಟು ಕಾಳು ತುಂಬು, ಗಟ್ಟಿ ಆಗ್ಲಿ," ಎಂದರು ಹೆಂಡತಿಗೆ. ಚಹಾದ ಕಪ್ ಸಾಸರಿನ ಮೇಲೆ ಕಟಕಟ ಅನ್ನುವುದನ್ನು ಶರಣವ್ವ ಕೇಳಿದ್ದರು. ಯಾಕೆ ಎಂದು ಕೇಳದೆ, ನನ್ನನ್ನು ಬಿಚ್ಚಿ ಇನ್ನಷ್ಟು ತುಂಬಿದರು. ಎಷ್ಟು ತುಂಬಿದರೇನು, ನಡುಗುತ್ತಿದ್ದದ್ದು ನಾನಲ್ಲವಲ್ಲ.

ಆ ಚಳಿಗಾಲದ ಒಂದು ಮುಂಜಾನೆ ಹೆಬ್ಬಾತುಗಳ ಹಿಂಡು ಸರಿಯಾಗಿ ನಮ್ಮೆದುರಿಗೇ ಇಳಿಯಿತು. ಕಾಲು ಮುಂದೆ ಚಾಚಿ, ರೆಕ್ಕೆ ಬಿಚ್ಚಿ, ಹಿಂದೆ ಚಿನ್ನದ ಮಂಜು. ಸರ್ ಉಸಿರು ತಡೆದು ಒತ್ತಿದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗೇ ಕಾಣುತ್ತದೆ. "ಸಿಕ್ತು!" ಎಂದು ನನ್ನ ಬೆನ್ನು ತಟ್ಟಿದರು.

ಭಾನುವಾರ ಅದು ಗೋಡೆಯ ಮೇಲೆ ಬಿತ್ತು. ಎಲ್ಲಕ್ಕೂ ಮುಂದಿದ್ದ ಹಕ್ಕಿಗೆ ಒಂದಲ್ಲ, ಎರಡೆರಡು ಕೊಕ್ಕು. ಕಣ್ಣಿದ್ದ ಜಾಗದಲ್ಲಿ ಒಂದು ಕಪ್ಪು ಗೀರು. ಒಬ್ಬರು, "ಕನಸಿನಂಗ ಐತ್ರಿ ಸರ್," ಎಂದರು. ಇನ್ನೊಬ್ಬರು, "ಪೇಂಟಿಂಗ್ ರೀ ಇದು!" ಎಂದರು. ಸರ್ ನಿಯಮದಂತೆ ಸುಮ್ಮನಿದ್ದರು. ಆದರೆ ಕುತ್ತಿಗೆ ತಿರುಗಿಸಿ ರೇಣುಕಾಳನ್ನೇ ನೋಡುತ್ತಿದ್ದರು. ಹತ್ತು ಬೆರಳೂ ನನ್ನ ಕಾಳಿನೊಳಗೆ ಊರಿದ್ದವು.

ರೇಣುಕಾ ಗೋಡೆ ನೋಡಿದಳು, ಅವರ ಕೈ ನೋಡಿದಳು.

"ಚಂದ ಐತ್ರಿ ಸರ್," ಎಂದಳು. ಅಷ್ಟೇ.

ಬೆರಳುಗಳು ಸಡಿಲಾದವು. ಅಂದು ಮನೆಗೆ ಬಂದು ನನ್ನನ್ನು ಮೇಜಿನ ಮೇಲಿಟ್ಟು ಸರ್ ಶರಣವ್ವನಿಗೆ ಹೇಳಿದರು: "ಯಾರೂ ಕೊರತಿ ಹೇಳಲಿಲ್ಲ. ಅಂದ್ರ ನನಗ ಮುಂದಿನ ಸಲ ಇಲ್ಲ ಅಂತ ಎಲ್ಲಾರಿಗೂ ತಿಳದೈತಿ." ನನ್ನನ್ನು ಅವರ ಕಡೆ ಸರಿಸಿ, "ಈ ದಿಂಬು ರೇಣುಕಾಗ ಕೊಟ್ಟು ಕಳಸು. ಆಕಿ ಕೈ ಗಟ್ಟಿ ಐತಿ."

ಶರಣವ್ವ ನನ್ನ ಮೇಲಿನ ಕೆಸರು ಉಜ್ಜುತ್ತಾ ಕೂತರು. ಉಜ್ಜಿದ ಜಾಗವನ್ನೇ ಮತ್ತೆ ಮತ್ತೆ ಉಜ್ಜಿದರು.

ಸರ್ ಮತ್ತೆ ಕೆರೆಗೆ ಹೋಗಲಿಲ್ಲ. ನಾನು ರೇಣುಕಾಳ ಜೊತೆ ಹೋದೆ. ಅವಳ ಕೈ ನಿಜಕ್ಕೂ ಗಟ್ಟಿ. ತೆಗೆದ ಚಿತ್ರಗಳನ್ನು ಅವರಿಗೆ ತೋರಿಸಲು ಹೋಗುತ್ತಿದ್ದಳು. ಅವರು ನಡುಗುವ ಬೆರಳಿಟ್ಟು, "ಹಕ್ಕಿ ಬೆನ್ನಹಿಂದ ಆ ಬಿಳಿ ಕಲ್ಲು ಯಾಕ ಬೇಕಿತ್ತು? ಮುಂದಿನ ಸಲ ಒಂದು ಮಾರು ಸರಕೋ," ಎನ್ನುತ್ತಿದ್ದರು. ಅವಳು ಹೊರಡುವಾಗ ಪ್ರತಿ ಸಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನನ್ನನ್ನು ಎದೆಗವಚಿಕೊಂಡು "ಸರ್..." ಎನ್ನುತ್ತಿದ್ದಳು. "ಈ ಸಲ ಹಕ್ಕಿ ಭಾಳ ಬಂದಾವೇನು?" ಎಂದು ಅವರೇ ಕೇಳುತ್ತಿದ್ದರು. ಅವಳು ಹಕ್ಕಿಯ ಮಾತೇ ಆಡಿ ಬರುತ್ತಿದ್ದಳು.

ಒಂದು ಮಳೆಗಾಲದಲ್ಲಿ, ಹಕ್ಕಿಗಳು ಬರುವ ಮೊದಲೇ, ಸರ್ ಹೋದರು.

ಈಗ ನನಗೆ ವಯಸ್ಸಾಗಿದೆ. ಕಾಳಿಗೆ ಹುಳ ಬಿದ್ದು ಪುಡಿ ಉದುರುತ್ತದೆ. ಸ್ಟುಡಿಯೋದ ಮಹಡಿಯ ಕಪಾಟಿನ ಮೇಲೆ ನನ್ನನ್ನು ಇಟ್ಟಿದ್ದಾರೆ. ನನ್ನ ನಡುವೆ ಲೆನ್ಸಿನ ತಗ್ಗು ಹಾಗೇ ಉಳಿದಿದೆ. ನನ್ನ ಮೇಲ್ಗಡೆ ಗೋಡೆಯಲ್ಲಿ ಅದೇ ಹೆಬ್ಬಾತುಗಳ ಚಿತ್ರ, ಕಟ್ಟು ಹಾಕಿಸಿ, ಹಾರ ಹಾಕಿ ತೂಗುಬಿಟ್ಟಿದ್ದಾರೆ. ಬಂದವರೆಲ್ಲ "ಎಷ್ಟು ಚಂದ" ಎಂದು ಕೈ ಮುಗಿಯುತ್ತಾರೆ.

ಮೊನ್ನೆ ಭಾನುವಾರ ಎಲ್ಲರೂ ಇಳಿದು ಹೋದ ಮೇಲೆ ರೇಣುಕಾ ಒಬ್ಬಳೇ ಉಳಿದಳು. ಚಿತ್ರದ ಮುಂದೆ, ಮೊದಲ ದಿನ ನಿಂತಂತೆ, ಕೈಕಟ್ಟಿ ನಿಂತಳು.

"ಬೆಳಕು ಭಾಳ ಚಂದ ಐತ್ರಿ ಸರ್. ಆ ಮಂಜು ನಮಗ ಯಾರಿಗೂ ಸಿಕ್ಕಿಲ್ಲ," ಎಂದಳು. "ಆದ್ರ ಕಣ್ಣು ಸಿಕ್ಕಿಲ್ರಿ. ಕೈ ಅಲುಗೈತಿ."

ಹಾರದ ಒಂದು ಎಸಳು ನನ್ನ ಮೇಲೆ ಬಿತ್ತು.

"ಮುಂದಿನ ಸಲ..." ಎಂದಳು. ಮತ್ತೆ, "ಮುಂದಿನ ಸಲ, ಸರ್..."

ಮುಂದಿನ ಮಾತಿಗಾಗಿ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಫೋಟೋ ತೆಗೆದವರು ಬಾಯಿ ಬಿಡಲಿಲ್ಲ. ನಿಯಮ ಅವರದೇ.